ನಲ್ಲಿಮೂಳೆ ಯಾರ ತಟ್ಟೆಗೆ

ಜರ್ಮನಿ, ಯುದ್ಧಕೈದಿಗಳ ಕ್ಯಾಂಪ್
೯ ನವೆಂಬರ್ ೧೯೪೧

ಅರ್ಮಾಂದ್,

ಇದಕ್ಕೆ ಅಂಟಿಕೊಂಡಿರುವ ಖಾಲಿ ಹಾಳೆಯಲ್ಲೇ ಉತ್ತರ ಬರೆಯಬೇಕು. ಬೇರೆ ಕಾಗದದಲ್ಲಿ ಬರೆದರೆ ಇಲ್ಲಿ ಒಲೆಗೆ ಹಾಕುತ್ತಾರೆ. ಗೆರೆಯ ಮೇಲೇ ಬರೆ. ನಿನ್ನ ಅಕ್ಷರ ಗೆರೆ ಬಿಟ್ಟು ಓಡುತ್ತದೆಂದು ಹೋದ ಸಲ ಪತ್ರ ಓದಿ ನೋಡುವವನು ಗೊಣಗಿದ.

ನಾನು ಆರೋಗ್ಯವಾಗಿದ್ದೇನೆ. ಇಲ್ಲೂ ಕೆಲಸವೆಂದರೆ ಮನೆಯ ಮಾಡಿಗೆ ಹೆಂಚು ಹೊದಿಸುವುದೇ. ಇಲ್ಲಿನ ಹೆಂಚು ನಮ್ಮ ನೆವೆರ್‌ನದಕ್ಕಿಂತ ದಪ್ಪ, ಅಷ್ಟೇ ವ್ಯತ್ಯಾಸ.

ಸಂಜೆ ಶೆಡ್ಡಿನಲ್ಲಿ ಯಾರೂ ಹೆಂಡತಿ ಮಕ್ಕಳ ಮಾತು ಎತ್ತುವುದಿಲ್ಲ. ಎತ್ತಿದರೆ ಒಬ್ಬಿಬ್ಬರು ಗೋಡೆ ಕಡೆ ತಿರುಗಿ ಮಲಗಿಬಿಡುತ್ತಾರೆ. ಹಾಗಾಗಿ ಊಟದ ಮಾತು ಮಾತ್ರ. ಲೀಲ್ ಕಡೆಯ ಗಣಿ ಕೆಲಸಗಾರ ಕ್ಯಾಸಿಮಿರ್ ನಿನ್ನೆ ಕೇಳಿದ, "ನಿಮ್ ಕಡೆ ಪೊತೊಫೆಗೆ ಕೋಸು ಹಾಕ್ತೀರೇನೋ?" ಹಾಕ್ತೀವಿ ಅಂದೆ. "ಥೂ! ಅದು ಊಟಾನೋ ಮೊಲದ ಗೂಡೋ!" ಅಂದ. ದೀಪ ಆರಿಸುವ ತನಕ ಜಗಳ. ನಾನು ತಿಂದವನೇ ಹೊರತು ಮಾಡಿದವನಲ್ಲ, ಸೋತೆ.

ಅದಕ್ಕೇ ಕೇಳುತ್ತಿದ್ದೇನೆ. ಅಮ್ಮ ಭಾನುವಾರ ಪೊತೊಫೆ ಮಾಡುವುದನ್ನು ಅಂಗಡಿಯಿಂದ ಹಿಡಿದು ತಟ್ಟೆಯವರೆಗೆ ಬರೆದು ಕಳಿಸು. ದನದ ಮಾಂಸ ಯಾವ ತುಂಡು, ಗೆಡ್ಡೆ ಯಾವಾಗ, ಎಲ್ಲ. ಅವಳ ಬೈಗುಳವನ್ನೂ ಬಿಡಬೇಡ. ಇವರಿಗೆ ಓದಿ ಹೇಳುತ್ತೇನೆ.

ನಿನ್ನ ಗಾಸ್ಪಾರ್


ನೆವೆರ್
೭ ಡಿಸೆಂಬರ್ ೧೯೪೧

ನನ್ನ ಗಾಸ್ಪಾರ್,

ಗೆರೆಯ ಮೇಲೇ ಬರೆಯುತ್ತಿದ್ದೇನೆ, ನೋಡು. ಕಾರ್ಖಾನೆಯಲ್ಲಿ ದಿನವಿಡೀ ಪಿಂಗಾಣಿ ತಟ್ಟೆಯ ಅಂಚಿಗೆ ನೀಲಿ ಗೆರೆ ಎಳೆಯುವವಳ ಕೈ ಇದು. ನಿಮ್ಮ ಆ ಓದುಗನಿಗೆ ಹೇಳು.

ಶನಿವಾರ ಲೋರಿಯೊನ ಮಾಂಸದ ಅಂಗಡಿಗೆ ಹೋಗಿದ್ದೆ. ಮೂರು ಥರದ ತುಂಡು ಬೇಕು: ಕಾಲಿನದು, ಭುಜದ್ದು, ಬಾಲದ್ದು. ಒಂದು ಅಂಟಿಗೆ, ಒಂದು ರುಚಿಗೆ, ಒಂದು ಕಚ್ಚಿ ತಿನ್ನುವುದಕ್ಕೆ. ಯಾವ ತುಂಡು ಎಲ್ಲಿಯದು ಎಂದು ಕೇಳಿದರೆ ಲೋರಿಯೊ ತನ್ನ ಮೈಮೇಲೇ ಮುಟ್ಟಿ ತೋರಿಸಿದ. ಬಾಲ ಎಲ್ಲಿ ಎಂದು ನಾನು ಕೇಳಲಿಲ್ಲ.

ನಿನಗೆ ಗೊತ್ತೇ ಇದೆ, ಮದುವೆಯಾಗಿ ಹನ್ನೊಂದು ವರ್ಷವಾದರೂ ಅತ್ತೆ ನನ್ನನ್ನು ಆ ಪಾತ್ರೆಯ ಹತ್ತಿರ ಬಿಡುವುದಿಲ್ಲ. ನನ್ನದು ಕ್ಯಾರೆಟ್ ಹೆರೆಯುವ ಕೆಲಸ. ಬೆನ್ನ ಹಿಂದೆ ನಿಂತು ನೋಡಿದ್ದನ್ನೇ ಬರೆಯುತ್ತೇನೆ. ಮಾಂಸವನ್ನು ದಾರದಲ್ಲಿ ಬಿಗಿದು ಕಟ್ಟುತ್ತಾರೆ. ನೀರು ಬೆಚ್ಚಗಾಗುತ್ತಾ ಬೂದು ನೊರೆ ಏಳುತ್ತದೆ. ಅದನ್ನು ತೆಗೆಯುವಾಗ ಅಡುಗೆಮನೆಯಲ್ಲಿ ಯಾರೂ ಮಾತಾಡಬಾರದು. "ಬಾಯಿ ಮುಚ್ಚೇ, ನೊರೆ ಒಡೆದುಹೋಗತ್ತೆ" ಎನ್ನುತ್ತಾರೆ. ಮಾತಿಗೆ ನೊರೆ ಒಡೆಯುವುದುಂಟೆ? ಆದರೂ ಬಾಯಿ ಮುಚ್ಚುತ್ತೇನೆ. ಆಮೇಲೆ ಲವಂಗ ಚುಚ್ಚಿದ ಈರುಳ್ಳಿ, ಕ್ಯಾರೆಟ್, ಟರ್ನಿಪ್ ಗೆಡ್ಡೆ, ಹೌದು, ಕೋಸೂ. ಆಲೂಗಡ್ಡೆ ಬೇರೆ ಪಾತ್ರೆಯಲ್ಲಿ. ಅದನ್ನು ಇದರಲ್ಲೇ ಹಾಕುವವರ ಬಗ್ಗೆ ಅತ್ತೆ ಹೇಳುವ ಮಾತನ್ನು ಪತ್ರದಲ್ಲಿ ಬರೆಯಲಾಗುವುದಿಲ್ಲ. ಮೊದಲು ಸಾರು, ಆಮೇಲೆ ಮಾಂಸ, ಪಕ್ಕದಲ್ಲಿ ಕಲ್ಲುಪ್ಪು, ಅರೆದ ಸಾಸಿವೆ.

ನಲ್ಲಿಮೂಳೆ ಮನೆಯ ಯಜಮಾನನ ತಟ್ಟೆಗೆ ಎಂಬ ಪದ್ಧತಿಯನ್ನು ನಿನ್ನಮ್ಮ ಈಗಲೂ ಬಿಟ್ಟಿಲ್ಲ. ನಿನ್ನ ಕುರ್ಚಿಯ ಮುಂದೆ ತಟ್ಟೆ ಇಟ್ಟು, ಅದರಲ್ಲಿ ಮೂಳೆ ಇಡುತ್ತಾರೆ. ಆಮೇಲೆ ನನಗೆ, "ಆರಿದ್ರೆ ಮೇಣ ಆಗತ್ತೆ. ನೀನೇ ತಿನ್ನು. ಆದ್ರೆ ಅವನ ತಟ್ಟೇಲೇ ತಿನ್ನಬೇಕು."

ನಮಗೆ ಏನೂ ಕೊರತೆಯಿಲ್ಲ. ಪಾರ್ಸೆಲ್‌ನಲ್ಲಿ ಬಿಸ್ಕತ್ತು, ಒಂದು ಡಬ್ಬಿ ಹಂದಿಕೊಬ್ಬು, ಕಾಲುಚೀಲ ಇವೆ.

ನಿನ್ನ ಅರ್ಮಾಂದ್


ಜರ್ಮನಿ
೩ ಮೇ ೧೯೪೨

ಅರ್ಮಾಂದ್,

ನಿನ್ನ ಪೊತೊಫೆಯನ್ನು ನಾಲ್ಕು ಸಲ ಓದಿಸಿದರು. ನೊರೆ ತೆಗೆಯುವ ಜಾಗವನ್ನು ಮಾತ್ರ ಕ್ಯಾಸಿಮಿರ್ ಇನ್ನೊಮ್ಮೆ ಓದು ಅಂದ. ಆಮೇಲೆ, "ಕೋಸು ಹಾಕ್ಕೊಳ್ರಪ್ಪ, ಹಾಳಾಗಿ ಹೋಗಿ" ಅಂದು ಮಲಗಿದ. ಇದು ನಮ್ಮ ಊರಿಗೆ ದೊಡ್ಡ ಗೆಲುವು. ಅಮ್ಮನಿಗೆ ಹೇಳು.

ನನ್ನನ್ನು ಕ್ಯಾಂಪಿನಿಂದ ಒಂದು ಹೊಲಮನೆಗೆ ಕಳಿಸಿದ್ದಾರೆ, ಒಬ್ಬನನ್ನೇ. ಎರಡು ಕೊಟ್ಟಿಗೆಯ ಮಾಡು ಸೋರುತ್ತದೆ. ಯಜಮಾನರು ಒಳ್ಳೆಯವರು. ಭಾನುವಾರ ಮಧ್ಯಾಹ್ನ ಉಳಿದವರನ್ನು ನೋಡಲು ಬಿಡುತ್ತಾರೆ.

ಹಸಿವಿದೆ, ತಡೆಯಬಹುದು. ಕೊಬ್ಬಿನ ಡಬ್ಬಿ ಬಂತು, ಉಪಕಾರವಾಯಿತು. ಇನ್ನೊಂದು ಭಾನುವಾರದ ಊಟ ಬರೆ.

ನಿನ್ನ ಗಾಸ್ಪಾರ್


ನೆವೆರ್
೨೪ ಜನವರಿ ೧೯೪೩

ಗಾಸ್ಪಾರ್,

ಇದು ಗೆರೆಯಿಲ್ಲದ ಕಾಗದ. ಆದ್ದರಿಂದ ಇದು ನಿನಗೆ ತಲುಪುವುದಿಲ್ಲ, ನಾನು ಅಂಚೆಗೂ ಹಾಕುವುದಿಲ್ಲ. ಧೈರ್ಯವಾಗಿ ಬರೆಯಬಹುದು.

ಅತ್ತೆ ಗುರುವಾರ ತೀರಿಕೊಂಡರು. ಎದೆ ಕಟ್ಟಿತ್ತು ಎಂದರು ಡಾಕ್ಟರು. ಎದೆಯಲ್ಲಿ ಕಟ್ಟಿಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲ. ಎತ್ತಿ ಕೂರಿಸಿದರೆ ಹೊದಿಕೆಯಷ್ಟೂ ಭಾರವಿರಲಿಲ್ಲ. ಕಲ್ಲಿದ್ದಲು ಇಲ್ಲ. ತಿನ್ನುವುದಕ್ಕೆ ದನಕ್ಕೆ ಹಾಕುವ ಹಳದಿ ಗೆಡ್ಡೆ, ಅದೂ ಸಾಲಿನಲ್ಲಿ ನಿಂತು. ಲೋರಿಯೊನ ಅಂಗಡಿಯಲ್ಲಿ ಒಂದೂವರೆ ವರ್ಷದಿಂದ ಕೊಕ್ಕೆಗಳು ಖಾಲಿ. ಅವನು ತನ್ನ ಮೈಮೇಲೆ ತುಂಡುಗಳನ್ನು ತೋರಿಸಿದ್ದು ಅದಕ್ಕೇ, ತೋರಿಸುವುದಕ್ಕೆ ಬೇರೆ ಏನೂ ಇರಲಿಲ್ಲ. ನಿನಗೆ ಬರೆದ ಭಾನುವಾರಗಳೆಲ್ಲ ಯುದ್ಧಕ್ಕೆ ಮುಂಚಿನವು. ಒಂದು ಮುಗಿದರೆ ಇನ್ನೊಂದನ್ನು ನೆನಪಿನಿಂದ ತೆಗೆದು ಬರೆಯುತ್ತಿದ್ದೆ. ಅತ್ತೆ ಪಕ್ಕದಲ್ಲಿ ಕೂತು ತಿದ್ದುತ್ತಿದ್ದರು. "ಟರ್ನಿಪ್ ಮರೆತ್ಯಲ್ಲೇ, ಮಹಾರಾಯ್ತಿ. ಟರ್ನಿಪ್ ಇಲ್ದೆ ಅವನು ತಿನ್ನಲ್ಲ" ಎಂದು ಗೆಡ್ಡೆಯ ಗಂಜಿ ಕುಡಿಯುತ್ತಾ ಬೈಯುತ್ತಿದ್ದರು.

ಪಾರ್ಸೆಲ್ ಕಟ್ಟುವಾಗ ಬಿಸ್ಕತ್ತಿನಲ್ಲಿ ಎರಡು ತೆಗೆದು ಕೊಟ್ಟರೆ ವಾಪಸ್ ಇಡುತ್ತಿದ್ದರು. "ನಂಗೆ ಹಲ್ಲೇ ಇಲ್ಲ, ನಂಗ್ಯಾಕೆ? ಅವನು ಮಾಡು ಹತ್ತೋನು, ತಲೆ ಸುತ್ತಿದ್ರೆ ಕೆಳಗೆ ಬೀಳ್ತಾನೆ." ಹಲ್ಲಿಲ್ಲದವರು ಬಿಸ್ಕತ್ತನ್ನು ನೀರಿನಲ್ಲಿ ನೆನೆಸಿ ತಿನ್ನಬಹುದು ಎಂದು ನಾನು ವಾದಿಸಿದೆ. ವಾದಕ್ಕೆ ಅವರು ಯಾವತ್ತು ಸೋತಿದ್ದಾರೆ.

ಈಗ ಗೆರೆಯಿರುವ ಹಾಳೆಯಲ್ಲಿ ಬೇರೆ ಬರೆಯಬೇಕು. ನೀನು ದೂರದಲ್ಲಿ ಒಬ್ಬನೇ ಇದ್ದೀಯ, ಹಸಿದಿದ್ದೀಯ. ತಾಯಿ ಸತ್ತ ಸುದ್ದಿ ಕೇಳಿ ಮಾಡು ಹತ್ತುವುದು ಬೇಡ.


ನೆವೆರ್
೨೪ ಜನವರಿ ೧೯೪೩

ನನ್ನ ಗಾಸ್ಪಾರ್,

ಚಳಿ ಇದೆ. ಎಲ್ಲರೂ ಚೆನ್ನಾಗಿದ್ದೇವೆ. ಈ ಭಾನುವಾರ ಅತ್ತೆ ಪಕ್ಕೆಲುಬಿನ ತುಂಡು ಹಾಕಿದ್ದರು. ಕೋಸು ಸ್ವಲ್ಪ ಹೆಚ್ಚಾಗಿತ್ತು. ಕ್ಯಾಸಿಮಿರ್‌ಗೆ ಹೇಳು, ಬೇಕೆಂದೇ ಹಾಕಿದ್ದಂತೆ.

ನಿನ್ನ ಅರ್ಮಾಂದ್


ಜರ್ಮನಿ
೧೭ ಅಕ್ಟೋಬರ್ ೧೯೪೩

ಅರ್ಮಾಂದ್,

ಬೇಸಗೆಯಲ್ಲಿ ಬರೆಯಲಾಗಲಿಲ್ಲ, ಕೊಯ್ಲಿನ ಕೆಲಸವಿತ್ತು. ಚೆನ್ನಾಗಿದ್ದೇನೆ.

ಅಮ್ಮನನ್ನು ಕೆಲವು ವಿಷಯ ಕೇಳಿ ಬರೆ. ಮಾಂಸವನ್ನು ತಣ್ಣೀರಿಗೆ ಹಾಕುವುದೋ, ಕುದಿಯುವ ನೀರಿಗೋ? ನೀನು ಬರೆದದ್ದರಲ್ಲಿ ಅದು ಇಲ್ಲ. ಸಾರಿಗೆ ಹೊಂಬಣ್ಣ ಬರುವುದು ಯಾವುದರಿಂದ? ನಮ್ಮಲ್ಲಿ ಬಿಳಿಚಿಕೊಂಡಿರುತ್ತದೆ. ಸಾರು ಕದಡಿದ ಹಾಗೆ ಆಗುವುದು ಯಾಕೆ? ನಲ್ಲಿಮೂಳೆಯ ಒಳಗಿನದೆಲ್ಲ ಕರಗಿ ಸಾರಿಗೆ ಸೇರಿಬಿಡುತ್ತದೆ, ತಡೆಯುವುದು ಹೇಗೆ?

ಕ್ಯಾಸಿಮಿರ್ ಜೊತೆ ಪಂಥ ಕಟ್ಟಿದ್ದೇನೆ, ಅದಕ್ಕೆ. ಬೇಗ ಬರೆ.

ಗಾಸ್ಪಾರ್


ನೆವೆರ್
೨೧ ನವೆಂಬರ್ ೧೯೪೩

ನನ್ನ ಗಾಸ್ಪಾರ್,

ನಿನ್ನ ಪ್ರಶ್ನೆಗಳನ್ನು ಓದಿ ನಕ್ಕೆ. ಹಸಿದವರು ಕನಸಿನಲ್ಲಿ ಉಣ್ಣುತ್ತಾರೆಂದು ಕೇಳಿದ್ದೆ, ನೀನು ಕನಸಿನಲ್ಲಿ ಅಡುಗೆಯನ್ನೇ ಕಲಿಯುತ್ತಿದ್ದೀಯ. ಬಂದ ಮೇಲೆ ನಿನ್ನ ಕೈಯಲ್ಲೇ ಮಾಡಿಸುತ್ತೇನೆ.

ಅತ್ತೆ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. "ತಣ್ಣೀರಿಗೆ ಹಾಕಿದ್ರೆ ರುಚಿ ಸಾರಿಗೆ ಹೋಗತ್ತೆ, ಕುದಿನೀರಿಗೆ ಹಾಕಿದ್ರೆ ಮಾಂಸದಲ್ಲೇ ಉಳ್ಕೊಳತ್ತೆ. ಎರಡೂ ಬೇಕು ಅನ್ನೋನು ಎರಡು ಪಾತ್ರೆ ಇಟ್ಕೋಬೇಕು. ನಮ್ಮನೇಲಿ ತಣ್ಣೀರು." ಬಣ್ಣಕ್ಕೆ ಒಂದು ಈರುಳ್ಳಿಯನ್ನು ಅಡ್ಡ ಕೊಯ್ದು, ಕೊಯ್ದ ಮೈ ಒಲೆಯ ಕಬ್ಬಿಣಕ್ಕೆ ಒತ್ತಿ ಪೂರ್ತಿ ಕಪ್ಪಾಗಿಸಿ ಹಾಕುವುದು. "ಹೊತ್ತಿದೆ ಅಂತ ಎಸೀಬೇಡ ಅಂತ ಹೇಳು, ಪೆದ್ದನಿಗೆ." ನಲ್ಲಿಮೂಳೆಯ ಎರಡು ತುದಿಗೂ ಕಲ್ಲುಪ್ಪು ಮೆತ್ತಿ, ಬಟ್ಟೆಯಲ್ಲಿ ಸುತ್ತಿ, ಕೊನೆಯ ಅರ್ಧ ಗಂಟೆಯಲ್ಲಿ ಮಾತ್ರ ಇಳಿಸಬೇಕು.

ಸಾರು ಕದಡುವುದು ಕೊತಕೊತ ಕುದಿಸಿದರೆ. ಮುಚ್ಚಳವನ್ನು ಪೂರ್ತಿ ಮುಚ್ಚಬಾರದು, ಒಂದು ಮರದ ಚಮಚ ಅಡ್ಡ ಇಟ್ಟು ಸಂದು ಬಿಡಬೇಕು. ನೀರು ನಗಬೇಕು, ಕಿರುಚಬಾರದು.

ಬರೆಯುತ್ತಾ ನನಗೇ ಹಸಿವಾಯಿತು. ಅಂದರೆ, ಊಟದ ಹೊತ್ತಾಯಿತು.

ನಿನ್ನ ಅರ್ಮಾಂದ್


ಜರ್ಮನಿ
೨೦ ಫೆಬ್ರವರಿ ೧೯೪೪

ಅರ್ಮಾಂದ್,

ಅಮ್ಮ ಹೇಳಿದ್ದೆಲ್ಲ ಸರಿಯಾಗಿತ್ತು. ಚಮಚ ಅಡ್ಡ ಇಟ್ಟದ್ದೇ ಸಾಕಾಯಿತು, ಸಾರು ತಿಳಿಯಾಯಿತು. ತಟ್ಟೆಯ ತಳದ ಹೂವು ಕಾಣುತ್ತಿತ್ತು. ಸುಟ್ಟ ಈರುಳ್ಳಿಯನ್ನು ಕಂಡು ಮೊದಲು ಎಸೆಯಲು ಹೊರಟಿದ್ದು ನಿಜ. ನಾನು ಬೇಡ ಅಂದೆ. ನಲ್ಲಿಮೂಳೆ ಇಡಿಯಾಗಿ ಉಳಿಯಿತು. ಕೇಳದೆಯೇ ನನ್ನ ತಟ್ಟೆಗೇ ಬಂತು.

ಇನ್ನು ಪಾರ್ಸೆಲ್ ಕಳಿಸಬೇಡ. ಅದನ್ನು ಅಮ್ಮನಿಗೆ ಕೊಡು. ವಯಸ್ಸಾದವಳು, ಅವಳಿಗೆ ಬೇಕಾಗುತ್ತದೆ.

ಗಾಸ್ಪಾರ್


ನೆವೆರ್
೧೬ ಏಪ್ರಿಲ್ ೧೯೪೪

ಗಾಸ್ಪಾರ್,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಕಾರ್ಖಾನೆಗೆ ಹೋಗಿ ಬರುತ್ತಾ ಯೋಚಿಸಿದೆ.

ಕನಸಿನ ಸಾರು ಕದಡುವುದಿಲ್ಲ. ನಾನು ಇಷ್ಟು ವರ್ಷ ನಿನಗೆ ಎಷ್ಟೋ ಪಾತ್ರೆ ಬರೆದೆ, ಒಂದೂ ಕದಡಲಿಲ್ಲ, ಒಂದೂ ಬಿಳಿಚಲಿಲ್ಲ. ಬೇಯಿಸಿದವರ ಸಾರು ಮಾತ್ರ ಕೆಡುತ್ತದೆ. ಅಕ್ಟೋಬರ್‌ನಲ್ಲೇ ನನಗೆ ಇದು ಹೊಳೆಯಬೇಕಿತ್ತು.

ಈರುಳ್ಳಿ ಎಸೆಯಲು ಹೊರಟಿದ್ದು ಯಾರು? ನಲ್ಲಿಮೂಳೆಯನ್ನು ನಿನ್ನ ತಟ್ಟೆಗೆ ಇಟ್ಟ ಕೈ ಯಾರದು?

ಇಷ್ಟು ಬರೆದರೆ ಸಾಕು. ಅತ್ತೆ ಈ ಸಲ ಏನೂ ಹೇಳಲಿಲ್ಲ.

ಅರ್ಮಾಂದ್


ಜರ್ಮನಿ
೯ ಜುಲೈ ೧೯೪೪

ಅರ್ಮಾಂದ್,

ಇಲ್ಲಿ ಬಿಸಿಲು. ದೊಡ್ಡ ಕೊಟ್ಟಿಗೆಯ ಬಡಗಣ ಪಕ್ಕ ಮುಗಿಯಿತು. ತೆಂಕಣ ಪಕ್ಕದ ಮರವೇ ಲಡ್ಡಾಗಿದೆ, ಬದಲಾಯಿಸಬೇಕು. ಕ್ಯಾಸಿಮಿರ್‌ನನ್ನು ಬೇರೆ ಕಡೆ ಕಳಿಸಿದರು.

ಈ ಮನೆಯ ಯಜಮಾನ ಪೂರ್ವದ ಯುದ್ಧದಲ್ಲಿ ಸತ್ತನೆಂದು ಹೋದ ವಾರ ಸುದ್ದಿ ಬಂತು. ನಾನು ಅವನನ್ನು ಒಮ್ಮೆಯೂ ನೋಡಿರಲಿಲ್ಲ. ಚಿಕ್ಕ ವಯಸ್ಸಂತೆ.

ತೆಂಕಣ ಪಕ್ಕಕ್ಕೆ ಚಳಿಗಾಲದವರೆಗೂ ಕೆಲಸವಿದೆ. ಅಮ್ಮನಿಗೆ ನನ್ನ ಮುತ್ತು ಕೊಡು.

ಗಾಸ್ಪಾರ್


ಸ್ಟ್ರಾಸ್‌ಬೂರ್
೧೧ ಮೇ ೧೯೪೫

ಅರ್ಮಾಂದ್,

ರೈನ್ ನದಿಯ ಈಚೆಗೆ ಬಂದಿದ್ದೇನೆ. ಕಾಗದಕ್ಕೆ ಗೆರೆಯಿಲ್ಲ. ಎಷ್ಟು ಬೇಕಾದರೂ ಬರೆಯಬಹುದು, ಅದೇ ಕಷ್ಟವಾಗಿದೆ. ಹೋದ ಬೇಸಗೆಯಿಂದ ಅಂಚೆ ನಿಂತಿತ್ತು, ನೀನೂ ಕಾದಿರಬಹುದು. ನಿಜ ಹೇಳಬೇಕೆಂದರೆ ಅಂಚೆ ನಿಂತದ್ದು ನನಗೆ ಅನುಕೂಲವೇ ಆಯಿತು.

ಮರಳಿದವರನ್ನೆಲ್ಲ ಇಲ್ಲಿ ತೂಕ ಹಾಕುತ್ತಾರೆ. ನನ್ನ ಮುಂದಿದ್ದವನನ್ನು ಇಬ್ಬರು ಹಿಡಿದು ನಿಲ್ಲಿಸಿದರು. ನನ್ನ ಸರದಿ ಬಂದಾಗ ಡಾಕ್ಟರು ಮುಳ್ಳು ನೋಡಿ, ನನ್ನ ಮುಖ ನೋಡಿ, "ಏನಪ್ಪಾ, ನೀನು ಯುದ್ಧಕ್ಕೆ ಹೋಗಿದ್ಯೋ ಮಾವನ ಮನೆಗೋ?" ಎಂದರು. ಸಾಲಿನಲ್ಲಿದ್ದವರು ನಕ್ಕರು. ನಾನು ನಗಲಿಲ್ಲ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ನೀವು ಕಳಿಸಿದ ಬಿಸ್ಕತ್ತನ್ನು ನಾನು ಕ್ಯಾಸಿಮಿರ್‌ಗೆ ಕೊಡುತ್ತಿದ್ದೆ. ಕೊಟ್ಟೆ ಎಂದು ಒಳ್ಳೆಯವನಾಗುವುದಿಲ್ಲ, ಬೇಡವೆಂದು ನಿಮಗೆ ಮೊದಲೇ ಬರೆಯಬಹುದಿತ್ತು. ಬರೆದರೆ ಯಾಕೆ ಬೇಡ ಎಂದು ನೀನು ಕೇಳುತ್ತಿದ್ದೆ.

ಕೊನೆಗೂ ನೀನು ಕೇಳಿದೆ, ಆ ಕೈ ಯಾರದೆಂದು. ಉತ್ತರ ನಿನಗೆ ಗೊತ್ತಿದೆ. ಹೊರಡುವ ದಿನ ಆ ಹೊಲಮನೆಯ ಯಜಮಾನಿ, "ತೆಂಕಣ ಪಕ್ಕ ಮುಗಿದಿಲ್ವಲ್ಲ, ಇರು" ಎಂದಳು. ಇರಬಹುದಿತ್ತು, ಕೆಲವರು ಉಳಿದರು. ನಾನು ಗಡಿಯವರೆಗೆ ನಡೆದೇ ಬಂದೆ.

ಎದೆಯಲ್ಲಿ ಸ್ವಲ್ಪ ಕೆಮ್ಮು ಇರುವುದರಿಂದ ಎರಡು ವಾರ ಇಲ್ಲೇ ಇರಿಸಿಕೊಳ್ಳುತ್ತಾರೆ. ಅಷ್ಟರಲ್ಲಿ ನಿನ್ನ ಪತ್ರ ಬಂದರೆ ಅದರ ಪ್ರಕಾರ ನಡೆಯುತ್ತೇನೆ. ಬೇಡ ಎಂದರೆ ಊರಿಗೆ ಬರುವುದಿಲ್ಲ. ಇಲ್ಲಿ ಬಾಂಬು ಬಿದ್ದ ಮಾಡುಗಳು ಬೇಕಾದಷ್ಟಿವೆ. ಬಾ ಎಂದರೆ, ಅಮ್ಮನಿಗೆ ಹೇಳು, ಭಾನುವಾರ ಪಾತ್ರೆ ಇಡಲಿ. ಅವಳ ಕೈಯಡುಗೆ ತಿನ್ನದೆ ಐದು ವರ್ಷವಾಯಿತು.

ಗಾಸ್ಪಾರ್


ನೆವೆರ್
೧೮ ಮೇ ೧೯೪೫

ಗಾಸ್ಪಾರ್,

ಇದರ ಜೊತೆ ಇನ್ನೊಂದು ಪತ್ರ ಇಟ್ಟಿದ್ದೇನೆ, ನಲವತ್ತಮೂರರ ಜನವರಿಯದು. ಮೊದಲು ಅದನ್ನು ಓದು. ಕೂತು ಓದು.

ಓದಿದೆಯಾ? ಹಾಗಾದರೆ ಅಮ್ಮನಿಗೆ ಪಾತ್ರೆ ಇಡಲು ಹೇಳುವುದಕ್ಕೆ ಸ್ಮಶಾನದವರೆಗೆ ಹೋಗಬೇಕೆಂದು ನಿನಗೆ ಗೊತ್ತಾಯಿತು. ಬಂದರೆ ಇಬ್ಬರೂ ಹೋಗೋಣ. ಪಾರ್ಸೆಲ್‌ಗಳ ಮಾತು ಅಲ್ಲಿ ಎತ್ತಬೇಡ, ಅವರಿಗೆ ನೀನು ಹಸಿದಿದ್ದ ಮಗನಾಗಿಯೇ ಇರು. ನನ್ನ ಹತ್ತಿರವೂ ಎತ್ತಬೇಡ, ಸದ್ಯಕ್ಕೆ. ನನಗೆ ಸಿಟ್ಟಿದೆ. ನೀನು ತಿಂದದ್ದಕ್ಕಲ್ಲ, ನಿನ್ನ ಹಸಿವನ್ನು ನಂಬಿ ನಾವು ತಿನ್ನದೆ ಇದ್ದದ್ದಕ್ಕೆ. ಒಮ್ಮೆಯೂ ನೋಡದ ಯಜಮಾನ ಒಳ್ಳೆಯವನೆಂದು ನೀನು ಬರೆದೆ. ನಾನೇನು ಕಡಿಮೆ? ಸತ್ತವರ ಬಾಯಲ್ಲಿ ನಿನಗೆ ಪೆದ್ದ ಎಂದು ಬೈಸಿದೆ.

ಅತ್ತೆ ಹೋದ ಮೇಲೆ ಬಂದ ಮಾತೆಲ್ಲ ನನ್ನದು. ತಣ್ಣೀರು, ಸುಟ್ಟ ಈರುಳ್ಳಿ, ಅಡ್ಡ ಚಮಚ, ಎಲ್ಲ. ಕೆಲವನ್ನು ಕ್ಯಾರೆಟ್ ಹೆರೆಯುತ್ತಾ ಬೆನ್ನ ಹಿಂದಿನಿಂದ ನೋಡಿದ್ದೆ. ಮೂಳೆಗೆ ಉಪ್ಪು ಮೆತ್ತುವುದನ್ನು ಲೋರಿಯೊನನ್ನು ಕೇಳಿಕೊಂಡು ಬಂದೆ. ನಾನು ಹುಟ್ಟಿದ ಮೇಲೆ ಒಂದು ಪೊತೊಫೆಯನ್ನೂ ಮಾಡಿದವಳಲ್ಲ, ಗಾಸ್ಪಾರ್. ನೀವಿಬ್ಬರು ಆ ಅಡುಗೆಮನೆಯಲ್ಲಿ ಕೂತು ತಿಂದದ್ದೇ ನನ್ನ ಮೊದಲನೆಯದು. ಸಾರು ತಿಳಿಯಾಯಿತು ಎಂದು ನೀನು ಬರೆದಾಗ, ವಿಷಯ ಹೊಳೆಯುವುದಕ್ಕೆ ಮುಂಚೆ, ಒಂದು ಕ್ಷಣ ಹೆಮ್ಮೆಯಾಯಿತು. ಹೊಳೆದ ಮೇಲೂ ಸ್ವಲ್ಪ ಉಳಿದಿತ್ತು. ಅದಕ್ಕೇ ಹತ್ತು ದಿನ ಬರೆಯಲಿಲ್ಲ.

ಅವಳ ಹೆಸರನ್ನು ನೀನು ಬರೆದಿಲ್ಲ. ಒಳ್ಳೆಯದಾಯಿತು, ಮುಂದೆಯೂ ಹೇಳಬೇಡ.

ನಿನ್ನೆ ಲೋರಿಯೊ ಕೂಗಿ ಕರೆದ. ಬಹಳ ದಿನದ ಮೇಲೆ ಅಂಗಡಿಗೆ ಒಂದು ಎತ್ತಿನ ಕಾಲು ಬಂದಿತ್ತು. "ಮಾಂಸ ಎಲ್ಲ ರೇಷನ್ ಚೀಟಿಯೋರಿಗೆ ಹೋಯ್ತಮ್ಮ. ಮೂಳೆ ಇದೆ, ತಗೊಂಡ್ಹೋಗು. ನಿಮ್ಮತ್ತೆ ಇದ್ದಿದ್ರೆ ನನ್ನನ್ನ ಬೈದು ತಗೊಂಡ್ಹೋಗ್ತಿದ್ರು." ಕಿಟಕಿಯ ಹೊರಗೆ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದ್ದೇನೆ, ಅದು ನಿನಗಾಗಿ ಕಾಯುವುದಿಲ್ಲ, ಈ ಭಾನುವಾರವೇ ಬೇಯಿಸಿಕೊಂಡು ತಿನ್ನುತ್ತೇನೆ. ನೀನು ಬರುವ ಹೊತ್ತಿಗೆ ಇನ್ನೊಂದು ಕೊಡುತ್ತೇನೆ ಎಂದಿದ್ದಾನೆ.

ಬಂದರೆ ಊಟ ಇಷ್ಟು: ಕ್ಯಾರೆಟ್ ಸಿಕ್ಕಿದೆ, ಕೋಸು ಸಿಕ್ಕಿದೆ, ಮಾಂಸ ಇಲ್ಲ. ಕ್ಯಾರೆಟ್ ಹೆರೆಯುವುದು ನೀನು. ನೊರೆ ತೆಗೆಯುವಾಗ ಬಾಯಿ ಮುಚ್ಚಿಕೊಂಡಿರಬೇಕು. ನಿನ್ನ ತಟ್ಟೆಯಲ್ಲಿ ಐದು ವರ್ಷದಿಂದ ನಾನು ಉಣ್ಣುತ್ತಿದ್ದೇನೆ, ಅದು ಇನ್ನು ನನ್ನದು. ನಿನಗೆ ಕಾರ್ಖಾನೆಯಿಂದ ಅಂಚು ಒಡೆದದ್ದೊಂದು ತಂದಿಟ್ಟಿದ್ದೇನೆ.

ನಲ್ಲಿಮೂಳೆ ನನ್ನ ತಟ್ಟೆಗೆ. ಒಪ್ಪಿಗೆಯಾದರೆ ಬಾ.

ಅರ್ಮಾಂದ್